ನಗಾರಿಯ ಸೊಸೆ ಮತ್ತು ಮೂರನೇ ಕೂಗು

ನಗಾರಿಯ ಸೊಸೆ ಮಾಡಿದ ಆ್ಯಪ್ ಬಂಡೆಗಲ್ಲಿನ ಕೈಲೂ ಭಾಷಣ ಮಾಡಿಸುತ್ತದೆ, ಅದರ ಬಾಯಿ ಮುಚ್ಚಿಸುವವರು ಇನ್ನೂ ಹುಟ್ಟಿಲ್ಲ ಎಂದು ಬೀದಿಬೀದಿಯಲ್ಲಿ ಡಂಗುರ ಹೊಡೆದವನು ನಾನು.

ನಗಾರಿ ಎಂದರೆ ನನ್ನ ಗೆಳೆಯ. ಹಳೇ ಮೇಜು, ಕುರ್ಚಿ, ಬೀರುಗಳ ಹರಾಜು ಕೂಗುವುದು ಅವನ ಕಸುಬು. ಅವನ ಕೂಗಿಗೆ ಪಕ್ಕದ ಬೀದಿಯಲ್ಲಿ ಮಲಗಿದ್ದವನೊಬ್ಬ ನಿದ್ದೆಯಲ್ಲೇ ಕೈಯೆತ್ತಿ ಮಂಚ ಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಗಂಟಲಿಗೆ ಕತ್ತರಿ ಬಿತ್ತು. ಮನುಷ್ಯ ಮನೆಗೆ ಬಂದ, ದನಿ ಆಸ್ಪತ್ರೆಯಲ್ಲೇ ಉಳಿಯಿತು. ಮೂಲೆಗಿಟ್ಟ ಕೊಡೆಯ ಹಾಗೆ ಕೂತುಬಿಟ್ಟ.

ಸೊಸೆಗೆ ನೋಡಲಾಗಲಿಲ್ಲ. ಮೊಬೈಲ್ ಆ್ಯಪ್ ಬರೆಯುವುದೇ ಅವಳ ಕೆಲಸ. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ನುಡಿಯುವ ಆ್ಯಪ್ ಒಂದನ್ನು ಮಾಡಿಕೊಟ್ಟಳು. ಮಾವ ಅದರಲ್ಲೇ ಎಲ್ಲರನ್ನೂ ಬೈಯತೊಡಗಿದ, ಮನೆಗೆ ಜೀವ ಬಂತು. ಮಾತು ಕಳೆದುಕೊಂಡ ಎಷ್ಟೋ ಜನ ಅದನ್ನು ಹಾಕಿಸಿಕೊಂಡರು. ಹರಾಜು ಮಳಿಗೆಯ ಒಡೆಯನೂ, "ಒಂದು ದಿನ ಫೋನಲ್ಲೇ ಕೂಗಿ ತೋರ್ಸು. ನಡೀತು ಅಂದ್ರೆ ಕೆಲಸ ಮತ್ತೆ ನಿಂದೇ" ಎಂದ.

ಅದೇ ವಾರ ಸೊಸೆಗೆ ಆ್ಯಪಿನಲ್ಲೊಂದು ತೂತು ಕಂಡಿತು. ಜನ ಟೈಪ್ ಮಾಡಿದ ಮಾತನ್ನು ಕಳ್ಳರು ಕದ್ದು ಓದಬಹುದಿತ್ತು. ತೂತು ಮುಚ್ಚಿ ಹೊಸ ಆ್ಯಪ್ ಬಿಟ್ಟಳು. "ಬಿಟ್ರೆ ಯಾರೂ ಅಪ್‌ಡೇಟ್ ಮಾಡಲ್ಲ, ನಾಳೆ ನಾಳೆ ಅಂತಾರೆ" ಎಂದು ಹಳೆಯದು ನಡೆಯದಂತೆ ಬೀಗ ಜಡಿದಳು. ಮಾವನ ಫೋನು ಓಬೀರಾಯನ ಕಾಲದ್ದು, ಹೊಸ ಆ್ಯಪ್ ಅದರಲ್ಲಿ ಇಳಿಯುವುದಿಲ್ಲ ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲೇ ಇಲ್ಲ.

ಹರಾಜಿನ ದಿನ ಮಳಿಗೆ ಕಿಕ್ಕಿರಿದಿತ್ತು. ನಗಾರಿ ಫೋನನ್ನು ಸ್ಪೀಕರಿಗೆ ಸಿಕ್ಕಿಸಿ ಕನ್ನಡಿ ಬೀರುವಿಗೆ ಕೂಗಿಸಿದ. "ಒಂದು ಸಲ! ಎರಡು ಸಲ!" ಮೂರನೆಯದನ್ನು ತಡೆದು ಜನರನ್ನು ತುದಿಗಾಲಲ್ಲಿ ನಿಲ್ಲಿಸುವುದರಲ್ಲೇ ಅವನ ಗತ್ತು. ಅಷ್ಟರಲ್ಲಿ ಸೊಸೆಯ ಬೀಗ ಆ ಫೋನಿಗೂ ಬಂದು ತಲುಪಿತು, ಪರದೆ ಆರಿತು. ಮುಟ್ಟಿದ. 'ಅಪ್‌ಡೇಟ್ ಮಾಡದೆ ಮುಂದುವರಿಯಲಾಗದು.' ಒತ್ತಿದ. 'ಈ ಫೋನಿಗೆ ಹೊಂದುವುದಿಲ್ಲ.' ಬಾಯಿ ತೆರೆದ, ಬರೀ ಗಾಳಿ ಬಂತು.

"ಎರಡಾದ್ಮೇಲೆ ಮೂರು ಕಣಯ್ಯಾ, ಮೇಷ್ಟ್ರು ಹೇಳ್ಕೊಡ್ಲಿಲ್ವಾ?" ಎಂದ ಹಿಂದಿನ ಸಾಲಿನವನೊಬ್ಬ. ಮಳಿಗೆಯೆಲ್ಲ ನಕ್ಕಿತು. ಮೂರನೇ ಕೂಗಿಲ್ಲದೆ ಮಾರಾಟವಿಲ್ಲ. ಒಡೆಯ ಬೇರೊಬ್ಬನನ್ನು ಕರೆದು ನಿಲ್ಲಿಸಿದ.

ಸಂಜೆ ಸೊಸೆ ನಗಾರಿಯೆದುರು ತಲೆ ತಗ್ಗಿಸಿ ನಿಂತಳು. "ತಪ್ಪಾಯ್ತು ಮಾವ. ಬಾಯಿಗೆ ಬಂದಂಗೆ ಬೈದ್ಬಿಡಿ." ಅವನು ಫೋನನ್ನು ಅವಳತ್ತ ತಿರುಗಿಸಿದ. ಬೈಗುಳವೂ ಆ ಬೀಗದೊಳಗೇ ಇತ್ತು.

ಮರುದಿನವೇ ಅವಳು ಬೀಗ ತೆಗೆದಳು. ಹಳೆಯ ಆ್ಯಪ್ ಮಾತಾಡಿಕೊಂಡಿರಲಿ, ಮಾತು ಫೋನಿನಿಂದಾಚೆ ಹೋಗದಿದ್ದರೆ ಸಾಕು ಎಂದು ತಿದ್ದಿದಳು. ಮೊದಲೇ ಹೀಗೆ ಮಾಡಬಹುದಿತ್ತಲ್ಲ ಎಂಬ ಕೊರಗು ಅವಳಿಗೆ ಹತ್ತಿಕೊಂಡಿತು. ದನಿ ಮರಳಿತು, ಕೆಲಸ ಮರಳಲಿಲ್ಲ. ಅವಳು ತಂದಿಟ್ಟ ಹೊಸ ಫೋನಿನ ಡಬ್ಬಿಯನ್ನು ಅವನು ಇನ್ನೂ ಬಿಚ್ಚಿಲ್ಲ. ಮಾವ ಕೆಮ್ಮಿದರೂ ಅವಳು ಬೆಚ್ಚಿ ಓಡಿಬರುತ್ತಾಳೆ.

ನಾನು ಸಮಾಧಾನ ಹೇಳಲು ಹೋದೆ. "ಬಿಡು ತಾಯಿ, ನಾಲ್ಕು ಜನರ ಗುಟ್ಟು ಉಳಿಸ್ದೆ. ನಿನ್ನ ಮಾವನ ಬಾಯಿ ಒಂದಿನ ಕಟ್ಟಿದ್ರೆ ಏನಾಯ್ತು? ಬೀದಿಯ ಕಿವಿಗಳಿಗೆ ರಜಾ ಸಿಕ್ತು!"

ನಕ್ಕವನು ನಾನೊಬ್ಬನೇ, ಅವಳು ನಗಲಿಲ್ಲ.

"ನಿಮ್ಮ ಬಾಯಿಗೆ ಬೀಗ ಹಾಕೋ ಗುಂಡಿ ನನ್ನ ಕೈಲಿದ್ದಿದ್ರೆ, ದೊಡ್ಡಪ್ಪ, ಹಿಂಗೆ ನಗ್ತಿದ್ರಾ?"