ಎದುರು ಕಡೆಯವರಿಗೆ ಕಳಿಸಿದ ಕಾಗದ

ನಾನು ಹುಟ್ಟು ಪುಕ್ಕಲ. ಅಂಥವನು ಎಪ್ಪತ್ತರ ದಶಕದ ನಡುವೆ, ವಿಶ್ವವಿದ್ಯಾಲಯ ಚಿತ್ರದುರ್ಗದಲ್ಲಿ ನಡೆಸುತ್ತಿದ್ದ ಚರ್ಚಾ ಕೇಂದ್ರದಲ್ಲಿ ಸಹಾಯಕನಾಗಿದ್ದೆ ಎಂದರೆ ನಮ್ಮ ಮನೆಯವರೇ ಈಗಲೂ ನಗುತ್ತಾರೆ. ಯಾವ ವಿಷಯವೇ ಇರಲಿ, ಎಲ್ಲ ಕಡೆಯ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಎನ್ನುವುದೇ ಆ ಕೇಂದ್ರದ ಕೆಲಸ. ನಡೆಸುತ್ತಿದ್ದವರು ಇಬ್ಬರೇ, ನಿರ್ದೇಶಕರು ಮತ್ತು ನಾನು. ಅವರು ಹೊಸದುರ್ಗದ ಕಡೆ ಕುರಿ ಸಾಕುವವರ ಮನೆಯಿಂದ ಓದಿ ಬಂದವರು. ಊರೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿತ್ತು.

ಮೇಷ್ಟ್ರದು ಒಂದು ಪದ್ಧತಿ. ಗುರುವಾರ ಸಂಜೆ ಯಾರಾದರೂ ಮಾತಾಡಿದರೆ, ಮಾರನೇ ದಿನವೇ ಅದರ ಸಾರಾಂಶವನ್ನು ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿ ತೆಗೆದು, ಮಾತಾಡಿದವರ ಹೆಸರು ಹಾಕದೆ, ಎದುರು ಕಡೆಯವರಿಗೆ ಅಂಚೆಯಲ್ಲಿ ಕಳಿಸಬೇಕು. ಜೊತೆಗೆ ದಯವಿಟ್ಟು ಬಂದು ಉತ್ತರ ಕೊಡಿ ಎಂಬ ಚೀಟಿ. “ಹೆಸರು ಕಂಡ್ರೆ ಜನ ಮಾತು ಬಿಟ್ಟು ಜಾತಿ ನೋಡ್ತಾರೆ ಕಣಪ್ಪ” ಎನ್ನುತ್ತಿದ್ದರು. ಒಮ್ಮೆ ರಾಸಾಯನಿಕ ಗೊಬ್ಬರ ಬೇಡವೇ ಬೇಡ ಎಂದು ಬಿ.ದುರ್ಗದ ರೈತರೊಬ್ಬರು ಮಾತಾಡಿದ್ದಕ್ಕೆ, ಹಿರಿಯೂರಿನ ಗೊಬ್ಬರದ ಅಂಗಡಿಯವರು ಚೀಲ ಹೊತ್ತುಕೊಂಡೇ ಬಂದು ಜಗಳಕ್ಕೆ ನಿಂತಿದ್ದರು. ಅವತ್ತು ಮೇಷ್ಟ್ರಿಗೆ ಹಬ್ಬ.

ತುರ್ತು ಪರಿಸ್ಥಿತಿ ಬಂದ ಮೇಲೂ ಅವರು ಗುರುವಾರ ಬಿಡಲಿಲ್ಲ. ಕಿಟಕಿ ಹಾಕಿಕೊಂಡು ಕೂರುತ್ತಿದ್ದೆವು. ಅಂಥ ಒಂದು ಗುರುವಾರ, ಚಿಕ್ಕಜಾಜೂರಿನಿಂದ ರೈಲಿನಲ್ಲಿ ಓಡಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಪತ್ರಿಕೆಗಳ ಬಾಯಿ ಕಟ್ಟಿದ್ದು ತಪ್ಪು ಎಂದು ನಡುಗದ ದನಿಯಲ್ಲಿ ಮಾತಾಡಿದಳು. ನಡುಗಿದ್ದು ನಾನು. ಆಕೆಯ ತಂದೆ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಮುಷ್ಕರದಲ್ಲಿ ಕೆಲಸ ಕಳೆದುಕೊಂಡು, ಯಾರ್ಯಾರದೋ ಕೈಕಾಲು ಹಿಡಿದು ಮತ್ತೆ ಸೇರಿದ್ದರು. ಮಗಳ ಹೆಸರು ಹೊರಬಿದ್ದರೆ ಆ ಮನೆಯ ಅನ್ನ ಹೋಗುತ್ತದೆಂದು ಅಲ್ಲಿದ್ದ ಹತ್ತು ಹನ್ನೆರಡು ಜನಕ್ಕೂ ಗೊತ್ತಿತ್ತು.

ಮಾರನೇ ದಿನ ಮೇಷ್ಟ್ರು ಮದುವೆಗೆಂದು ಹೊಸದುರ್ಗಕ್ಕೆ ಹೋಗಿದ್ದರು. ನಾನು ಎಂದಿನಂತೆ ಸ್ಟೆನ್ಸಿಲ್ ಕೊರೆದೆ, ಮಸಿ ಹಚ್ಚಿದೆ, ಕೇಂದ್ರದ ಮೊಹರು ಒತ್ತಿದೆ, ಚೀಟಿ ಬರೆದು ಸೇರಿಸಿದೆ. ಎದುರು ಕಡೆಯವರು ಯಾರು? ಸರ್ಕಾರ. ಸರಿ, ಸರ್ಕಾರದ ಪ್ರಚಾರ ಕಚೇರಿಯ ವಿಳಾಸ ಬರೆದು ಡಬ್ಬಿಗೆ ಹಾಕಿ, ಹೋಟೆಲಿಗೆ ಹೋಗಿ ಟೀ ಹೇಳಿದೆ. ಲೋಟ ತುಟಿಗೆ ತಾಗುವಾಗ ನಾನು ಏನು ಮಾಡಿದೆನೆಂದು ಹೊಳೆಯಿತು. ಅಂಚೆ ಕಚೇರಿಗೆ ಓಡಿದೆ. “ಚೀಲ ಆಗ್ಲೇ ಹೋತಲ್ರಿ” ಎಂದ ಅಲ್ಲಿದ್ದವನು.

ಆಮೇಲಿನ ದಿನಗಳಲ್ಲಿ ಬೀದಿಯಲ್ಲಿ ಜೀಪು ನಿಧಾನವಾದರೆ ನಾನು ಹಿಂಬಾಗಿಲ ಕಡೆ ಸರಿಯುತ್ತಿದ್ದೆ. ಮೇಷ್ಟ್ರಿಗೆ ಹೇಳಬೇಕೆಂದು ದಿನಾ ಬೆಳಿಗ್ಗೆ ಬಾಯಿ ತೆರೆಯುತ್ತಿದ್ದೆ, ಹೇಳದೆ ಮುಚ್ಚುತ್ತಿದ್ದೆ. “ಏನಪ್ಪ, ಮೈಯಾಗೆ ಆರಾಮಿಲ್ವಾ?” ಎಂದು ಅವರೇ ಒಮ್ಮೆ ಕೇಳಿದರು. ಶೀತ ಎಂದೆ.

ಮುಂದಿನ ಬುಧವಾರ ಇನ್ಸ್‌ಪೆಕ್ಟರ್ ಬಂದರು. “ಬರ್ರಿ, ಕುಂತ್ಕಳ್ರಿ” ಎಂದರು ಮೇಷ್ಟ್ರು. ಅವರು ಕೂರಲಿಲ್ಲ. ಸಾರಾಂಶವನ್ನೂ ಚೀಟಿಯನ್ನೂ ಮೇಜಿನ ಮೇಲಿಟ್ಟರು. ಚೀಟಿ ನನ್ನ ಕೈಬರಹದಲ್ಲಿತ್ತು. ಮೇಷ್ಟ್ರು ಅದನ್ನು ಓದಿ, ಒಂದೇ ಒಂದು ಸಲ ನನ್ನ ಮುಖ ನೋಡಿದರು. ಎಲ್ಲ ಅರ್ಥವಾಯಿತು ಅವರಿಗೆ.

“ಇದನ್ನ ಮಾತಾಡಿದ್ದು ಯಾರ್ರಿ?” ಎಂದರು ಇನ್ಸ್‌ಪೆಕ್ಟರ್.

“ನಾನೇ ಮಾತಾಡಿದ್ದು. ನಾನೇ ಬರೆಸಿ ಕಳಿಸಿದ್ದು” ಎಂದರು ಮೇಷ್ಟ್ರು.

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದರು. “ಹೌದೇನ್ರಿ?”

“ಹೌದು ಸಾರ್. ಅವರೇ” ಎಂದೆ. ಪ್ರಶ್ನೆ ಮುಗಿಯುವುದಕ್ಕೂ ಬಿಡಲಿಲ್ಲ. ಬರೆದುಕೊಡಿ ಎಂದರು, ಬರೆದು ಸಹಿಯನ್ನೂ ಹಾಕಿದೆ. ಮೇಷ್ಟ್ರು ಮೊಳೆಗೆ ತೂಗುಹಾಕಿದ್ದ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡು, “ಹೋಗಾಣ ನಡೀರಿ” ಎಂದು ಅವರ ಮುಂದೆಯೇ ಮೆಟ್ಟಿಲಿಳಿದರು.

ಮೂರು ವಾರದ ಮೇಲೆ ಬಿಟ್ಟರು. ನಿರ್ದೇಶಕರ ಹುದ್ದೆ ಹೋಗಿತ್ತು, ಕೇಂದ್ರಕ್ಕೆ ಬೀಗ ಬಿದ್ದಿತ್ತು. ನಾನು ಬೈಗುಳ ತಿನ್ನಲು ಸಿದ್ಧನಾಗಿಯೇ ಅವರ ಮನೆಗೆ ಹೋದೆ. ಸೊರಗಿದ್ದರು. ಕಾಗದದ ಮಾತನ್ನು ಎತ್ತಲೇ ಇಲ್ಲ. ನನ್ನ ಎರಡೂ ಕೈ ಹಿಡಿದುಕೊಂಡರು.

“ಅವತ್ತು ನೀನು ಹಂಗೆ ಗಟ್ಟಿಯಾಗಿ ಹೇಳಿದ್ದಕ್ಕೆ ಆ ಮಗಳು ಉಳೀತು ಕಣಪ್ಪ. ನಿನ್ನನ್ನ ಪುಕ್ಕಲ ಅನ್ಕಂಡಿದ್ದೆ, ತಪ್ಪಾತು.”

ನಾನು ಹೌದೆಂಬಂತೆ ತಲೆಯಾಡಿಸಿದೆ. ಅವರು ಸಾಯುವವರೆಗೂ ನಾನು ಆ ಮಾತನ್ನು ತಿದ್ದಲಿಲ್ಲ. ಇನ್ಸ್‌ಪೆಕ್ಟರ್ ಕೇಳಿದ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಇದ್ದದ್ದು ನನ್ನದೇ ಕೈಬರಹ. ಆ ಹುಡುಗಿ ನನ್ನ ನೆನಪಿಗೇ ಬಂದಿರಲಿಲ್ಲ.