ಬಜ್ಜಿ ಅಂಗಡಿಯ ಮುಂದೆ

ಚೆನ್ನೈನ ಪೋರೂರಿನ ಚಿಕ್ಕ ಕ್ಲಿನಿಕ್ಕೊಂದರಲ್ಲಿ ಸಕ್ಕರೆ ಕಾಯಿಲೆಯವರಿಗೆ ಪಥ್ಯ ಹೇಳುವುದು ನನ್ನ ಕೆಲಸ. ಒಮ್ಮೆ ಕಾಸಿಮೇಡಿನ ಬಂದರಿನಲ್ಲಿ ಮೀನು ಮಾರುವ ವಯಸ್ಸಾದ ಹೆಂಗಸೊಬ್ಬರು ಮಗಳ ಜೊತೆ ಬಂದಿದ್ದರು. ಸಂಜೆ ಹಸಿವಾದರೆ ಟೀ ಜೊತೆ ಬಜ್ಜಿ ತಿನ್ನುತ್ತೇನೆಂದು ಅವರು ಒಪ್ಪಿಕೊಂಡಾಗ ನನಗೆ ಸಿಟ್ಟು ಬಂತು.

"ಬಾಯಿ ಕಟ್ಟೋಕೆ ಆಗದಿದ್ರೆ ಇಲ್ಲಿಗೆ ಯಾಕೆ ಬರ್ತೀರಿ?" ಎಂದು ತಮಿಳಿನಲ್ಲಿ ಗದರಿದೆ. ಅವರು ತಲೆ ತಗ್ಗಿಸಿದರು. ಸಂಜೆಗೆ ಸೌತೆಕಾಯಿ, ಬೇಯಿಸಿದ ಕಡಲೆ ಎಂದು ಬರೆದುಕೊಟ್ಟೆ.

ಮುಂದಿನ ತಿಂಗಳು ಅವರು ಒಬ್ಬರೇ ಬಂದು ತೋರಿಸಿಕೊಂಡು ಹೋದರು. ಅಂದು ನಾನು ಮಧ್ಯಾಹ್ನ ಊಟ ಮಾಡಿರಲಿಲ್ಲ. ನಾಲ್ಕು ಗಂಟೆಗೆ ಹಿಂದಿನ ಬೀದಿಯ ಅಂಗಡಿಯಲ್ಲಿ ಮೂರನೆಯ ಬಾಳೆಕಾಯಿ ಬಜ್ಜಿ ಬಾಯಿಗಿಟ್ಟಿದ್ದೆ. ತಿರುಗಿದರೆ, ಬಸ್ಸಿಗೆ ಕಾಯುತ್ತಿದ್ದ ಅವರು ನನ್ನನ್ನೇ ನೋಡುತ್ತಿದ್ದರು. ಎಣ್ಣೆ ಕಾಗದವನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

"ಸಾಪ್ಪಿಡುಮ್ಮಾ," ಎಂದರು ಮೆಲ್ಲಗೆ. ತಿನ್ನಮ್ಮಾ ಎಂದು. "ಬೆಳಗ್ಗೆಯಿಂದ ಕೂತೇ ಇದ್ದೀಯಲ್ಲ, ಹಸಿವಾಗಲ್ವಾ?"

ಹಾಗೆಂದು ನಾನು ಅವರನ್ನು ಕೇಳಿರಲಿಲ್ಲ. ನಸುಕಿನಿಂದ ಮೀನಿನ ಹರಾಜಿನಲ್ಲಿ ನಿಂತಿರುವವರು ಅವರು. ನಾನು ಬಾಯಲ್ಲಿದ್ದುದನ್ನು ನುಂಗುವಷ್ಟರಲ್ಲಿ ಬಸ್ಸು ಬಂತು, ಅವರು ಹತ್ತಿ ಹೋದರು.

ಅದರ ಮುಂದಿನ ಸಲ ಮಗಳೂ ಬಂದಿದ್ದಳು. ಮೊದಲ ದಿನ ಅವಳ ಮುಂದೆ ಗದರಿದ್ದಕ್ಕೆ ಅವಳ ಎದುರಿಗೇ ತಾಯಿಯ ಕ್ಷಮೆ ಕೇಳಿದೆ. ತಾಯಿ ನಕ್ಕು ನನ್ನ ಕೈ ತಟ್ಟಿದರು. ಮಗಳು ನಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ.