ತಂಗಟೆಹಳ್ಳಿಯನ್ನು ಅಳಿಸಿದ್ದು

ತುಮಕೂರಿನ ಬಟವಾಡಿಯ ಬಾಡಿಗೆ ಕಟ್ಟಡದ ಮಹಡಿಯಲ್ಲಿ ಇಂಪನಾಳ ಕೆಲಸ ನಕ್ಷೆಗಳನ್ನು ಕುಗ್ಗಿಸುವುದು. ಗೋಡೆಯಷ್ಟು ದೊಡ್ಡ ತಾಲ್ಲೂಕು ಅಂಗೈಯಗಲಕ್ಕೆ ಇಳಿದಾಗ ಎಲ್ಲವೂ ಹಿಡಿಸುವುದಿಲ್ಲ. ಯಾವ ಕಟ್ಟೆಯನ್ನು ಬಿಡಬೇಕು, ಯಾವ ಹಳ್ಳದ ತಿರುವು ನೇರವಾಗಬೇಕು, ಒತ್ತಿಕೊಂಡ ಎರಡು ಊರುಗಳಲ್ಲಿ ಯಾವುದು ಉಳಿಯಬೇಕು ಎಂಬುದನ್ನು ಅವಳು ಬರೆದ ನಿಯಮಗಳಂತೆ ಕಂಪ್ಯೂಟರೇ ತೀರ್ಮಾನಿಸುತ್ತದೆ.

ಈ ಸಲದ ಗುಬ್ಬಿ ತಾಲ್ಲೂಕಿನ ನಕ್ಷೆ ಆಂಬುಲೆನ್ಸ್ ಚಾಲಕರ ಮೊಬೈಲಿಗೆ ಹೋಗಬೇಕಿತ್ತು. ಕುಗ್ಗಿಸಿ ನೋಡಿದರೆ ಸಿ.ಎಸ್. ಪುರದ ಆಚೆ ಅವಳ ಊರು ಹೊಂಗೆಪಾಳ್ಯವೇ ಇಲ್ಲ. ಅದರ ಜಾಗದಲ್ಲಿ ತಂಗಟೆಹಳ್ಳಿ.

ತಂಗಟೆಹಳ್ಳಿಯಲ್ಲಿ ಯಾರೂ ಇಲ್ಲ. ಪ್ಲೇಗಿನ ಕಾಲದಲ್ಲಿ ಅಳಿದುಳಿದವರು ಅದನ್ನು ಬಿಟ್ಟು ಬಂದು ಹೊಂಗೆಪಾಳ್ಯ ಕಟ್ಟಿಕೊಂಡರು. ಕಂದಾಯ ದಾಖಲೆಯಲ್ಲಿ ಅದು ಇಂದಿಗೂ ಬೇಚಿರಾಕ್ ಗ್ರಾಮ, ದೀಪ ಹಚ್ಚುವವರಿಲ್ಲದ ಊರು. ಹೊತ್ತು ಮುಳುಗಿದ ಮೇಲೆ ಅದರ ಹೆಸರನ್ನು ಯಾರೂ ಎತ್ತುವುದಿಲ್ಲ.

"ಏನ್ ತಾಯಿ, ನಿಮ್ಮೂರ್ನೇ ನುಂಗಾಕ್ಬುಟ್ಯಲ್ಲ!" ಎಂದು ಪಕ್ಕದ ಕುರ್ಚಿಯ ರೇಣುಕಾಪ್ರಸಾದ್ ನಕ್ಕ.

"ತಮಾಷೆ ಬುಡು. ನಮ್ಮಜ್ಜಿಗೆ ಉಬ್ಬಸ ಕಣೋ. ಆಂಬುಲೆನ್ಸ್ ಹೋಗಿ ಆ ಹಾಳೂರಲ್ಲಿ ನಿಂತ್ರೆ?"

ದಾಖಲೆಯಲ್ಲಿ ನಂಬರ್ ಇರುವ ಊರು ಉಳಿಯಲಿ ಎಂದು ಬರೆದವಳು ಅವಳೇ. ಹೊಂಗೆಪಾಳ್ಯಕ್ಕೆ ಅಂಥ ನಂಬರ್ ಇಲ್ಲ. ಆ ನಿಯಮ ತೆಗೆದು, ಮನೆ ಹೆಚ್ಚಿರುವ ಊರು ಉಳಿಯಲಿ ಎಂದು ತಿದ್ದಿದಳು. ಕಂಪ್ಯೂಟರ್ ಉಪಗ್ರಹದ ಚಿತ್ರದಲ್ಲಿ ಮನೆಗಳನ್ನು ಎಣಿಸಿತು. ಮತ್ತೆ ತಂಗಟೆಹಳ್ಳಿಯೇ ಉಳಿಯಿತು.

ಅವಳು ಚಿತ್ರವನ್ನು ಹಿಗ್ಗಿಸಿದಳು. ಒಣಹುಲ್ಲಿನ ನಡುವೆ ಸಾಲು ಸಾಲಾಗಿ ಚೌಕಗಳು. ಹಳೇ ಪಾಯವಿರಬೇಕು ಎಂದು ಸಮಾಧಾನ ಮಾಡಿಕೊಂಡು ಅಜ್ಜಿಗೆ ಫೋನ್ ಹಚ್ಚಿದಳು.

"ಪಾಯ ಎಲ್ಲೈತೆ ಮಗಾ?" ಎಂದಳು ದೊಡ್ಡಗಂಗಮ್ಮ. "ಒಂದ್ ಕಲ್ಲೂ ಬುಡ್ದಂಗೆ ಕಿತ್ಕೊಂಡ್ ಬಂದೇ ಇಲ್ಲಿ ಮನೆ ಕಟ್ಟವ್ರೆ. ಬರೀ ಬಯಲು ಅದು."

ಇಂಪನಾ ಆಮೇಲೆ ಯಾವ ನಿಯಮವನ್ನೂ ನಂಬಲಿಲ್ಲ. ತಂಗಟೆಹಳ್ಳಿಯನ್ನು ತನ್ನ ಕೈಯಾರೆ ಅಳಿಸಿ, ಹೊಂಗೆಪಾಳ್ಯವನ್ನು ಕೂರಿಸಿ, ನಕ್ಷೆ ಕಳಿಸಿಬಿಟ್ಟಳು.

ಶ್ರಾವಣದ ಒಂದು ಸಂಜೆ ಅಜ್ಜಿಗೆ ಉಸಿರು ಕಟ್ಟಿತು. ತುಮಕೂರಿನ ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದ ಇಂಪನಾಳ ಮುಂದೆ ಆಂಬುಲೆನ್ಸ್ ಬಂದು ನಿಂತಿತು. ಮಾಸ್ಕಿನ ಮೇಲೆ ಅಜ್ಜಿಯ ಕಣ್ಣುಗಳು ತೆರೆದೇ ಇದ್ದವು. ಇಂಪನಾಳಿಗೆ ಹೋದ ಜೀವ ಬಂದಂತಾಯಿತು.

"ಊರು ಸಲೀಸಾಗಿ ಸಿಕ್ತು ಮೇಡಂ," ಎಂದ ಚಾಲಕ ಸ್ಟ್ರೆಚರ್ ಇಳಿಸುತ್ತ. "ಆದ್ರೆ ನಿಮ್ಮೂರ್ಗೆ ಮುಂಚೆ ಇನ್ನೊಂದೂರು ಸಿಗುತ್ತಲ್ಲ, ಅದನ್ನ ಮ್ಯಾಪಲ್ಲಿ ಹಾಕೇ ಇಲ್ಲ! ಮನೆಮನೇಲೂ ದೀಪ, ಜನ ಎಲ್ಲ ಬಾಗ್ಲಿಗ್ ಬಂದು ನಮ್ಮ ಗಾಡೀನೇ ನೋಡ್ತಾ ನಿಂತಿದ್ರು. ಯಾವೂರದು?"

ಇಂಪನಾ ಬಾಯಿ ತೆರೆದಳು. ಅಜ್ಜಿಯ ತಣ್ಣನೆಯ ಕೈ ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿಯಿತು.

"ಸುಮ್ಕಿರು," ಎಂದಿತು ಮಾಸ್ಕಿನೊಳಗಿನ ದನಿ. "ಹೊತ್ತು ಮುಳುಗೈತೆ."